ಮೊಣಕಾಲು ಮುಟ್ಟಿದರೆ ಬೇರಿಂಗ್

ಈಗಲೂ ರಸ್ತೆಯಲ್ಲಿ ಹಳೆಯ ಡೀಸೆಲ್ ಲಾರಿ ಹೋದರೆ ನನ್ನ ಕೈ ತಾನಾಗಿ ತಲೆಗೋ ಹೊಟ್ಟೆಗೋ ಮೊಣಕಾಲಿಗೋ ಹೋಗುತ್ತದೆ. ಮೊಮ್ಮಗಳು ನೋಡಿ, "ನೋವಾ ಅಜ್ಜಿ?" ಅನ್ನುತ್ತಾಳೆ. "ನೋವಲ್ಲ ಕಣೇ, ಆ ಲಾರಿಗೆ ಟ್ಯಾಪೆಟ್ ಸಡಿಲ ಆಗಿದೆ" ಎಂದರೆ ಅಜ್ಜಿಗೆ ವಯಸ್ಸಾಯಿತು ಎಂದು ಅವರಮ್ಮನ ಕಡೆ ನೋಡುತ್ತಾಳೆ. ಅವಳನ್ನು ಅಂದು ಏನು ಪ್ರಯೋಜನ? ನನ್ನ ಕೈ ಎಲ್ಲಿಗೆ ಹೋಯಿತೆಂದು ನೋಡಿ, ಅದರ ಅರ್ಥ ತಿಳಿದು, ಸ್ಪ್ಯಾನರ್ ಎತ್ತಿಕೊಳ್ಳುತ್ತಿದ್ದವರು ಜಗತ್ತಿನಲ್ಲಿ ಒಬ್ಬರೇ ಇದ್ದರು. ಅವರಿಲ್ಲ. ಅಭ್ಯಾಸ ಮಾತ್ರ ನನಗೆ ಅಂಟಿಕೊಂಡು ಕುಳಿತಿದೆ.

ನನ್ನ ತವರು ಗವಿಪುರ. ದೇವಸ್ಥಾನದ ಗಂಟೆ, ಸೊಪ್ಪಿನವಳ ಕೂಗು ಬಿಟ್ಟರೆ ಸದ್ದಿಲ್ಲದ ಓಣಿ. ಅಲ್ಲಿಂದ ಎಪ್ಪತ್ತರ ದಶಕದ ಮೊದಲಿಗೆ ಮದುವೆಯಾಗಿ ಚಾಮರಾಜಪೇಟೆಗೆ ಬಂದೆ. ನಡೆದು ಹೋಗುವಷ್ಟು ದೂರ, ಆದರೆ ಬೇರೆಯೇ ಲೋಕ. ಇವರದು ಲಾರಿ ರಿಪೇರಿಯ ಶೆಡ್ಡು. ಮನೆ ಎಂದರೆ ಶೆಡ್ಡಿನ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ನನ್ನ ತುಳಸಿಕಟ್ಟೆ, ತುಳಸಿಕಟ್ಟೆಯ ಆಚೆಗೆ ಮೂತಿ ತೆರೆದುಕೊಂಡು ನಿಂತ ಲಾರಿಗಳು. ಇವರು ಎಂದರೆ ನನ್ನ ಗಂಡ. ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಮೊದಲ ತಿಂಗಳುಗಳಲ್ಲಿ ಆ ಸದ್ದಿಗೆ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಎಂಜಿನ್ ಚಾಲೂ ಮಾಡಿದರೆ ಅಡುಗೆಮನೆಯ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ನಡೆದುಕೊಂಡು ಅಂಚಿಗೆ ಬರುತ್ತಿದ್ದವು. ಹಾಲು ಉಕ್ಕಿದ ಸದ್ದು ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವರ ತಟ್ಟೆಗೆ ಸಾರು ಸುರಿಯುತ್ತಾ, ಈ ಗಲಾಟೆಯಲ್ಲಿ ಮನುಷ್ಯರು ಬಾಳುತ್ತಾರೇನ್ರೀ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ಸಿಟ್ಟಾಗಲಿಲ್ಲ. ಊಟ ಮುಗಿಸಿ ಕೈ ತೊಳೆದು, ಹಿಂಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು.

"ಅದೆಲ್ಲಾ ಒಂದೇ ಗಲಾಟೆ ಅನ್ಕೊಂಡಿದೀಯ. ಅಲ್ಲ. ಬಿಡಿಸ್ಕೊಂಡು ಕೇಳು. ಮೇಲ್ಗಡೆ ಟಿಕ್ ಟಿಕ್ ಅಂತ ಸಣ್ಣಗೆ ಬರ್ತಿದ್ಯಲ್ಲಾ, ಅದು ಟ್ಯಾಪೆಟ್ಟು. ಅದರ ಕೆಳಗೆ ದಪ್ಪಗೆ ಏನಾದ್ರೂ ಕೇಳಿಸ್ತಿದ್ಯಾ?"

"ಇಲ್ಲ."

"ಕೇಳಿಸ್ಬಾರ್ದು. ಅದು ಕೇಳಿಸಿದ್ರೆ ಬೇರಿಂಗ್ ಹೋಯ್ತು ಅಂತ. ಮನೆ ಕೆಳಗೆ ಯಾರೋ ಒನಕೆ ಹಾಕಿ ಕುಟ್ಟಿದಂಗೆ ಬರುತ್ತೆ."

ಹೀಗೆ ಶುರುವಾದದ್ದು ನಮ್ಮ ಸಂಸಾರ. ಬೇರೆ ಗಂಡಂದಿರು ಹೆಂಡತಿಯನ್ನು ಲಾಲ್‌ಬಾಗಿಗೆ ಕರೆದೊಯ್ಯುತ್ತಿದ್ದರು. ಇವರು ನನಗೆ ಪಿಸ್ಟನ್ ಸದ್ದು, ಪಂಪಿನ ಸದ್ದು, ಫ್ಯಾನ್ ಬೆಲ್ಟಿನ ಸದ್ದು ಒಂದೊಂದಾಗಿ ಪರಿಚಯ ಮಾಡಿಸಿದರು, ನೆಂಟರನ್ನು ಪರಿಚಯ ಮಾಡಿಸಿದ ಹಾಗೆ. ತಣ್ಣಗಿರುವಾಗ ಬಡಿದುಕೊಂಡು, ಬಿಸಿಯಾದ ಮೇಲೆ ಸುಮ್ಮನಾದರೆ ಅದು ಪಿಸ್ಟನ್. ಬಿಸಿಯಾದಷ್ಟೂ ಜಾಸ್ತಿಯಾದರೆ ಬೇರಿಂಗ್. ಒಂದು ವರ್ಷ ಕಳೆಯುವಷ್ಟರಲ್ಲಿ ರೊಟ್ಟಿ ತಟ್ಟುತ್ತಲೇ ನಾನು ಒಳಗಿಂದ, "ರೀ, ಅದು ಪಿಸ್ಟನ್ ಅಲ್ವಾ?" ಎಂದು ಕೂಗುತ್ತಿದ್ದೆ. ಇವರು ಹೊರಗಿಂದ ನಗುತ್ತಿದ್ದರು.

ನನ್ನ ಬಾಯಿ ದೊಡ್ಡದು. ತವರಲ್ಲಿ ಅದಕ್ಕೇ ಬೈಸಿಕೊಂಡು ಬೆಳೆದವಳು. ಇವರಿಗೆ ಮಾತ್ರ ನನ್ನ ಬಾಯಿಯೇ ಇಷ್ಟ. ನಾನು ನೀರು ಹಿಡಿಯುತ್ತಾ, ಹಿಟ್ಟು ರುಬ್ಬುತ್ತಾ ಯಾರನ್ನಾದರೂ ಬೈಯುತ್ತಿರಬೇಕು. ಒಂದು ಗಳಿಗೆ ಸುಮ್ಮನಾದರೆ ಲಾರಿಯ ಕೆಳಗಿಂದ ತೆವಳಿ ಹೊರಬಂದು ಬಾಗಿಲಲ್ಲಿ ಇಣುಕುತ್ತಿದ್ದರು. "ಸದ್ದೇ ಇಲ್ವಲ್ಲಾ, ಆಯಿಲ್ ಪ್ರೆಶರ್ ಬಿದ್ದೋಯ್ತೇನೋ ಅನ್ಕೊಂಡೆ" ಅನ್ನುತ್ತಿದ್ದರು. ನನ್ನ ದನಿಯನ್ನು ಹುಡುಕಿಕೊಂಡು ಬಂದವರು ಹುಟ್ಟಿದ ಮೇಲೆ ಇವರೊಬ್ಬರೇ.

ಆ ದನಿಯೇ ಇವರಿಗೆ ಕೇಳಿಸದಂತಾಯಿತು.

ಒಂದೇ ದಿನ ಆದದ್ದಲ್ಲ. ಇವರಿಗೆ ಚಿಕ್ಕಂದಿನಿಂದ ಎರಡೂ ಕಿವಿ ಸೋರುತ್ತಿತ್ತು. ಅತ್ತೆಯವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟು ಬಿಟ್ಟು ಬೆಳೆಸಿದ್ದರು. ಮೊದಲು ನಾನು ಒಂದು ಸಲಕ್ಕೆ ಬದಲು ಎರಡು ಸಲ ಕರೆಯುವಂತಾಯಿತು. ಬೇಕೆಂದೇ ಕೇಳದ ಹಾಗೆ ಇರುತ್ತಾರೆಂದು ನಾನು ರೇಗಿದೆ. ಆಮೇಲೆ ಒಂದು ಸಂಜೆ ಇವರ ಬೆನ್ನ ಹಿಂದೆಯೇ ಹಿತ್ತಾಳೆ ಕೊಡ ನನ್ನ ಕೈತಪ್ಪಿ ಕಲ್ಲುಹಾಸಿನ ಮೇಲೆ ಬಿತ್ತು. ಪಕ್ಕದ ಮನೆಯವರು ಓಡಿ ಬಂದರು. ಇವರು ತಿರುಗಲಿಲ್ಲ. ಬೀಡಿ ಹಚ್ಚಿಕೊಂಡು ಹಾಗೇ ನಿಂತಿದ್ದರು.

ಮಾರ್ಕೆಟ್ ಕಡೆಯ ದೊಡ್ಡಾಸ್ಪತ್ರೆಗೆ ಹೋದೆವು. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಕವಲೊಡೆದ ಒಂದು ಕಬ್ಬಿಣದ ಕಡ್ಡಿಯನ್ನು ಬಡಿದು ಇವರ ಕಿವಿಯ ಹತ್ತಿರ ಹಿಡಿದರು. ಇವರು ಇಲ್ಲ ಎಂದು ತಲೆಯಾಡಿಸಿದರು. ಅದೇ ಕಡ್ಡಿಯ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು, ಇವರು ಹೌದೆಂದರು. ಅದೇನೋ ಪರೀಕ್ಷೆ ಎಂದುಕೊಂಡು ನಾವು ಬಿಟ್ಟೆವು. ಕಿವಿಯ ತಮಟೆ ಎರಡೂ ಕಡೆ ಹೋಗಿದೆ, ಒಳಗಿನ ಸಣ್ಣ ಮೂಳೆಗಳೂ ಸವೆದಿವೆ, ಆಪರೇಷನ್ ಮಾಡಬಹುದು, ಆದರೆ ಸರಿಹೋಗುತ್ತದೆಂದು ಮಾತು ಕೊಡಲಾರೆ ಎಂದರು ಡಾಕ್ಟರು. ಅದನ್ನು ನಾನು ಇವರ ಮುಖದ ಎದುರು ನಿಂತು ಬಿಡಿಬಿಡಿಯಾಗಿ ಹೇಳಿದೆ.

"ತಲೆ ಬಿಚ್ಚಿ ಮತ್ತೆ ಜೋಡ್ಸೋಕೆ ನಾನೇನ್ ಗೇರ್ ಬಾಕ್ಸಾ? ಬೇಡ ನಡಿ" ಎಂದರು ಇವರು. ಭಯ ಇವರಿಗೆ. ಕಿವಿಗೆ ಹಾಕುವ ಮೆಷಿನ್ನನ್ನೂ ತಂದು ನೋಡಿದೆವು. ಸೋರುವ ಕಿವಿಯಲ್ಲಿ ಅದು ನಿಲ್ಲಲಿಲ್ಲ; ನಿಂತಾಗ ಶೆಡ್ಡಿನಲ್ಲಿ ಕೀರಲು ದನಿಯಲ್ಲಿ ಕೂಗಿ ಇವರ ತಲೆ ಕೆಡಿಸಿತು.

ಮನೆಗೆ ಬಂದ ಮೇಲೆ ಇವರು ಹೇಳಿದ್ದು ಒಂದೇ ಮಾತು: "ಯಾರಿಗೂ ಗೊತ್ತಾಗ್ಬಾರ್ದು."

ಇದರಲ್ಲಿ ಜಂಬವಿರಲಿಲ್ಲ. ಲಾರಿ ಮೆಕ್ಯಾನಿಕ್ಕಿಗೆ ಕಿವಿಯೇ ಕಸುಬು. ಡ್ರೈವರುಗಳು ಬರುವುದೇ "ಏನೋ ಸೌಂಡ್ ಬರ್ತಿದೆ ಗುರು, ಸ್ವಲ್ಪ ಕೇಳು" ಎಂದು. ಅವರಿಗೆ ಕಿವುಡ ಮೆಕ್ಯಾನಿಕ್ ಎಂದು ಗೊತ್ತಾದ ದಿನ ಶೆಡ್ಡಿಗೆ ಬೀಗ. ಮೈಸೂರು ರಸ್ತೆಯ ಟೀ ಅಂಗಡಿಗಳಲ್ಲಿ ಸುದ್ದಿ ಲಾರಿಗಿಂತ ಬೇಗ ಓಡುತ್ತದೆ. ಅದಲ್ಲದೆ ಇವರಿಗೆ ಬೇರೆ ಏನೂ ಬರುತ್ತಿರಲಿಲ್ಲ, ಬೇರೆ ಏನೂ ಬೇಕಾಗಿಯೂ ಇರಲಿಲ್ಲ.

ಎದುರಿಗೆ ನಿಂತವರ ಮಾತನ್ನು ತುಟಿ ನೋಡಿ ತಿಳಿಯುವುದನ್ನು ಇವರು ಕಲಿತರು, ಆದರೆ ಎಂಜಿನ್ನಿಗೆ ತುಟಿಯಿಲ್ಲವಲ್ಲ. ಆಗ ಹುಟ್ಟಿಕೊಂಡದ್ದು ನಮ್ಮಿಬ್ಬರ ಭಾಷೆ. ಲಾರಿ ಬಂದು ನಿಂತು ಎಂಜಿನ್ ಚಾಲೂ ಆದ ಕೂಡಲೇ ನಾನು ಮೊರ ಹಿಡಿದುಕೊಂಡೋ, ಪಾತ್ರೆ ಒರೆಸಿಕೊಂಡೋ ಹಿಂಬಾಗಿಲಿಗೆ ಬರುತ್ತಿದ್ದೆ. ಸದ್ದು ಮೇಲಿನಿಂದ, ಟ್ಯಾಪೆಟ್ಟಿನದಾದರೆ ತಲೆ ಮುಟ್ಟಿಕೊಳ್ಳುವುದು. ಪಿಸ್ಟನ್ ಆದರೆ ಹೊಟ್ಟೆ. ಹಿಂದಿನ ಗೇರ್ ಬಾಕ್ಸ್ ಕಡೆಯದಾದರೆ ಸೊಂಟ. ಮುಂದೆ ಫ್ಯಾನು, ಬೆಲ್ಟು, ಗಾಳಿ ಕಂಪ್ರೆಸರ್ ಕಡೆಯದಾದರೆ ಮೂಗು. ಎಲ್ಲಕ್ಕಿಂತ ಕೆಟ್ಟದ್ದು, ತಳದ ಬೇರಿಂಗ್ ಆದರೆ ಮೊಣಕಾಲು. ಇವರು ಬಟ್ಟೆಯಲ್ಲಿ ಕೈ ಒರೆಸುತ್ತಾ ನನ್ನತ್ತ ಒಮ್ಮೆ ನೋಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಮರದ ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚುತ್ತಿದ್ದರು. ಆ ಕಾಲದ ಎಲ್ಲ ಮೆಕ್ಯಾನಿಕ್ಕುಗಳೂ ಹಾಗೆ ಕೇಳುತ್ತಿದ್ದರು. ಇವರದು ಬರೀ ನಾಟಕ. ಆಮೇಲೆ ಗಂಭೀರವಾಗಿ, "ಟ್ಯಾಪೆಟ್" ಎನ್ನುತ್ತಿದ್ದರು.

ಡ್ರೈವರುಗಳು ನನ್ನನ್ನು ನೋಡಿ ಮರುಕಪಟ್ಟರು. "ಪಾಪ, ಅಕ್ಕಂಗೆ ಮೈಕೈ ನೋವು ಜಾಸ್ತಿ ಅನ್ಸುತ್ತೆ" ಎಂದುಕೊಳ್ಳುತ್ತಿದ್ದರಂತೆ. ಒಬ್ಬ ಪುಣ್ಯಾತ್ಮ ಕೇರಳಕ್ಕೆ ಲೋಡು ಹೊಡೆದು ಬರುವಾಗ ಮೊಣಕಾಲಿಗೆ ಹಚ್ಚಲು ಒಂದು ಸೀಸೆ ತೈಲ ತಂದುಕೊಟ್ಟ. ಅವನ ಲಾರಿಯ ಬೇರಿಂಗ್ ಹೋದದ್ದಕ್ಕೆ ನನ್ನ ಮೊಣಕಾಲಿಗೆ ತೈಲ! ನಾವಿಬ್ಬರೂ ಅಂದು ಸಂಜೆ ಬಿದ್ದು ಬಿದ್ದು ನಕ್ಕೆವು. ಇವರು ನಕ್ಕದ್ದು ನನಗೆ ಕೇಳಿಸಿತು. ನಾನು ನಕ್ಕದ್ದು ಇವರಿಗೆ ಕಾಣಿಸಿತು ಅಷ್ಟೆ.

ಅದೇ ನನ್ನ ಸಂಕಟವಾಗಿತ್ತು, ಅದನ್ನು ಯಾರ ಹತ್ತಿರ ಹೇಳಲಿ? ಬಾಯಿ ಇದ್ದವಳು ನಾನು, ಆ ಬಾಯಿ ಯಾರಿಗೆ ಬೇಕಾಗಿತ್ತೋ ಅವರಿಗೇ ತಲುಪುತ್ತಿರಲಿಲ್ಲ. ಗಟ್ಟಿಯಾಗಿ ಕಿರುಚಿದರೆ ಒಂದಿಷ್ಟು ಕೇಳಿಸುತ್ತಿತ್ತೋ ಏನೋ, ಆದರೆ ಕಿರುಚಿದರೆ ಶೆಡ್ಡಿಗೆ ಗುಟ್ಟು ಗೊತ್ತಾಗುತ್ತದೆ. ತುಟಿ ಆಡಿಸಿ, ಕೈ ಆಡಿಸಿ ಸಂಸಾರ ನಡೆಯಿತು. ಉಪ್ಪು ಸಾಕೇ, ಮಗಳಿಗೆ ಜ್ವರ, ಸೀಮೆಎಣ್ಣೆ ಮುಗಿದಿದೆ. ಇಷ್ಟಕ್ಕೆ ಕೈ ಸಾಕು. ಸುಮ್ಮನೆ ಆಡುವ ಮಾತಿಗೆ, ಬೈಗುಳಕ್ಕೆ, ಮುದ್ದಿಗೆ ಕೈ ಸಾಲದು. ಇವರ ದನಿಯೂ ವರ್ಷದಿಂದ ವರ್ಷಕ್ಕೆ ಮೆಲ್ಲಗಾಯಿತು. ಕಿವುಡರು ಜೋರಾಗಿ ಮಾತಾಡುತ್ತಾರೆಂದು ಜನ ಅನ್ನುತ್ತಾರೆ. ಇವರದು ಉಲ್ಟಾ. ತಮ್ಮ ಮಾತು ತಮಗೆ ತಲೆಯೊಳಗೆ ಗುಡುಗಿದ ಹಾಗೆ ಕೇಳಿಸುತ್ತದೆಂದು ಪಿಸುಮಾತಿನಲ್ಲೇ ಆಡುತ್ತಿದ್ದರು. ನಾನು ಹತ್ತಿರ ಹೋಗಿ ಬಗ್ಗಿ ಕೇಳಬೇಕಾಗಿತ್ತು.

ಕಿವಿ ಹೋದ ಹಾಗೆಲ್ಲ ಇವರಿಗೆ ಗೇಜಿನ ಮೇಲೆ ಭಕ್ತಿ ಬೆಳೆಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಂಜಿನ್ನಿನೊಳಗೆ ಪಂಪು ಎಣ್ಣೆಯನ್ನು ಒತ್ತಿ ಬೇರಿಂಗುಗಳಿಗೆ ಕಳಿಸುತ್ತದೆ. ಬೇರಿಂಗ್ ಸವೆದಿದ್ದರೆ ಎಣ್ಣೆ ಅಲ್ಲಿ ನಿಲ್ಲದೆ ಜಾರಿಹೋಗುತ್ತದೆ, ಒತ್ತಡ ಇಳಿಯುತ್ತದೆ, ಗೇಜಿನ ಮುಳ್ಳು ಬೀಳುತ್ತದೆ. ಪ್ರತಿ ಲಾರಿಯಲ್ಲೂ ಡ್ರೈವರಿನ ಮುಂದೆ ಅಂಥ ಗೇಜು ಇರುತ್ತಿತ್ತು, ಆದರೆ ಅದನ್ನು ನಂಬುವವರಿಲ್ಲ. ಒಂದರ ಮುಳ್ಳು ಉಗುರಿನಿಂದ ತಟ್ಟಿದರೆ ಏಳುತ್ತದೆ, ಇನ್ನೊಂದರದು ಎಂಜಿನ್ ನಿಲ್ಲಿಸಿದರೂ ಇಳಿಯುವುದಿಲ್ಲ. ಅದಕ್ಕೇ ಶೆಡ್ಡಿನಲ್ಲಿ ಇವರದೇ ಒಂದು ಗೇಜಿತ್ತು. ಹಿತ್ತಾಳೆಯ ದುಂಡನೆಯ ಮೈ, ತುದಿಯಲ್ಲಿ ತಿರುಪಿರುವ ಉದ್ದನೆಯ ರಬ್ಬರ್ ಪೈಪು. ಆ ಪೈಪನ್ನು ಎಂಜಿನ್ನಿಗೆ ತಿರುಪಿ ಹಾಕಿದರೆ ಅದು ಹೇಳಿದ್ದೇ ಕೊನೆಯ ಮಾತು. ಕೆಲಸ ಮುಗಿದ ಮೇಲೆ ಇವರು ಅದನ್ನು ಒರೆಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದರು. ನನಗೆ ಅಷ್ಟು ಉಪಚಾರ ನಡೆದದ್ದು ನೆನಪಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಆಯುಧಪೂಜೆ. ಗಾಂಧಿಬಜಾರಿನಿಂದ ಸೇವಂತಿಗೆ ತಂದಿದ್ದೆವು. ಸ್ಪ್ಯಾನರು, ಜಾಕಿ, ಸುತ್ತಿಗೆ ಎಲ್ಲವನ್ನೂ ಮಣೆಯ ಮೇಲೆ ಸಾಲಾಗಿ ಇಟ್ಟು ಇವರೇ ಗಂಧ ಕುಂಕುಮ ಹಚ್ಚಿದರು. ನಡುವೆ ಗೇಜು, ಮದುಮಗನ ಹಾಗೆ. ಅದರ ದುಂಡು ಗಾಜಿನ ಮೇಲೆ ಹೂವು ನಿಲ್ಲಲಿಲ್ಲ, ಇಟ್ಟ ಹಾಗೆಲ್ಲ ಜಾರಿ ಬಿತ್ತು. ಇವರು ಬಿಡಲಿಲ್ಲ. ಎಲ್ಲಕ್ಕಿಂತ ದೊಡ್ಡ ಹಳದಿ ಸೇವಂತಿಗೆಯನ್ನು ಆರಿಸಿ ಅದರ ತೊಟ್ಟನ್ನು ಪೈಪಿನ ಬಾಯಿಗೇ ಸಿಕ್ಕಿಸಿದರು. ಚೆನ್ನಾಗಿ ಕಾಣುತ್ತಿತ್ತು. ಹಬ್ಬ ಮುಗಿದ ಮೇಲೆ ಬಾಡಿದ ಹೂವು ಉದುರಿತು, ನಾನು ಗುಡಿಸಿ ಹಾಕಿದೆ. ಗೇಜು ಮೊಳೆಗೆ ಹೋಯಿತು.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಬೆಲ್ಲದ ಯಜಮಾನರು ಬಂದರು. ಮಂಡ್ಯದ ಕಡೆಯಿಂದ ಬೆಲ್ಲ ತರುತ್ತಿದ್ದ ಅವರು ತಮ್ಮ ಲಾರಿಯನ್ನು ತಾವೇ ಓಡಿಸುತ್ತಿದ್ದರು. ಮಾವನವರ ಕಾಲದಿಂದ ಬೇರೆ ಶೆಡ್ಡಿಗೆ ಹೋದವರಲ್ಲ. ಲಾರಿ ನಿಂತಲ್ಲೆಲ್ಲ ಇರುವೆ ಸಾಲು.

"ಏರಿನಲ್ಲಿ ಗಡಗಡ ಅಂತದೆ. ಇವತ್ತೇ ನೋಡ್ಬಿಡಿ, ನಾಳೆ ಬೆಳಿಗ್ಗೆ ಲೋಡಿಗೆ ಹೋಗ್ಬೇಕು" ಎಂದರು.

ನಾನು ಮೊರ ಹಿಡಿದು ಬಾಗಿಲಿಗೆ ಬಂದೆ. ಎಂಜಿನ್ ಚಾಲೂ ಆಯಿತು. ಸದ್ದೇನೋ ಜೋರಾಗಿತ್ತು. ಆದರೆ ಅದು ಎಂಜಿನ್ನಿನ ಜೊತೆ ಹೆಜ್ಜೆ ಹಾಕುತ್ತಿರಲಿಲ್ಲ. ಹಿಂದೆ ಬಿದ್ದು, ಮುಂದೆ ಓಡಿ, ಸಡಿಲವಾದ ಪಾತ್ರೆ ಮುಚ್ಚಳದಂತೆ ಕುಣಿಯುತ್ತಿತ್ತು. ತಳದಲ್ಲಿ ಒನಕೆಯ ಸದ್ದಿಲ್ಲ. ನಾನು ಮೂಗು ಮುಟ್ಟಿಕೊಂಡೆ. ಮುಂದಿನದು, ಹೊರಗಿನದು, ಸಣ್ಣದು.

ಇವರು ನೋಡಿದರು. ರೂಢಿಯಂತೆ ಗೇಜನ್ನೂ ತಂದು ತಿರುಪಿದರು. ಮುಳ್ಳು ತೂಕಡಿಸುತ್ತಾ ಒಂದಿಷ್ಟು ಎದ್ದು ಅಲ್ಲಿಗೇ ನಿಂತಿತು. ಇವರ ಮುಖ ಕಪ್ಪಿಟ್ಟಿತು. ಒತ್ತಡವಿಲ್ಲ, ಅದರ ಜೊತೆಗೆ ಗಡಗಡ ಸದ್ದು ಎಂದರೆ ಎರಡಕ್ಕೂ ಒಂದೇ ಅರ್ಥ. ನನ್ನತ್ತ ಮತ್ತೆ ನೋಡಿದರು. ನಾನು ಮೂಗು ಕಿತ್ತು ಬರುವಷ್ಟು ಬಿಗಿಯಾಗಿ ಹಿಡಿದುಕೊಂಡೆ. ಇವರು ಮುಖ ತಿರುಗಿಸಿ ಬೆಲ್ಲದ ಯಜಮಾನರಿಗೆ, "ಬೇರಿಂಗ್ ಹೋಗಿದೆ, ಎಂಜಿನ್ ಇಳಿಸ್ಬೇಕು" ಎಂದುಬಿಟ್ಟರು.

ಯಜಮಾನರು ತಲೆಯ ಮೇಲೆ ಕೈಹೊತ್ತು ಕುಳಿತರು. ಕೆಲಸದಲ್ಲಿದ್ದ ಹಿರಿಯ ಫಿಟ್ಟರ್ ಮಾತ್ರ ಇವರ ಮುಖವನ್ನೇ ನೋಡಿದ. ಅವನಿಗೂ ಕಿವಿಯಿತ್ತು. "ಅಣ್ಣಾ, ಸದ್ದು ಕೆಳಗಿಂದು ಅಂತೀರಾ?" ಎಂದ, ಇವರ ಹಿಂದೆ ನಿಂತು. ಇವರು ಉತ್ತರ ಕೊಡಲಿಲ್ಲ. ಅವನು ಇನ್ನೊಮ್ಮೆ ಕೇಳಲಿಲ್ಲ, ಸುಮ್ಮನೆ ನನ್ನ ಕಡೆ ತಿರುಗಿ ನೋಡಿದ. ಅವನಿಗೆ ಅನುಮಾನ ಬಂದಿದೆ ಎಂದು ನನಗೆ ಗೊತ್ತಾಯಿತು. ಎಂಜಿನ್ ಬಿಚ್ಚಿ, ಬೇರಿಂಗ್ ಹೊಸದರ ಹಾಗೆ ಹೊಳೆಯುತ್ತಿದ್ದರೆ ಆ ಅನುಮಾನ ನಿಜವಾಗುತ್ತದೆ, ಸಂಜೆಗೆ ಮೈಸೂರು ರಸ್ತೆಯುದ್ದಕ್ಕೂ ಗೊತ್ತಾಗುತ್ತದೆ.

ಊಟದ ಹೊತ್ತಿಗೆ ಯಜಮಾನರೂ ಫಿಟ್ಟರೂ ಹೋಟೆಲಿನ ಕಡೆ ಹೋದರು. ಇವರು ಒಳಗೆ ಬಂದು ಕುಳಿತರು. ನಾನು ತಟ್ಟೆ ಹಾಕಲಿಲ್ಲ. ಆ ಜಗಳ ನೆನೆದರೆ ಈಗ ನಗು ಬರುತ್ತದೆ. ಕಿರುಚುವ ಹಾಗಿಲ್ಲ, ಪಿಸುಗುಟ್ಟಿದರೆ ಕೇಳಿಸುವುದಿಲ್ಲ. ನಾನು ಸೌಟು ಹಿಡಿದು, ಕಣ್ಣು ಬಿಟ್ಟು, ತುಟಿ ಹರಿಯುವಷ್ಟು ಬಿಡಿಸಿ ಬಿಡಿಸಿ, ಸದ್ದಿಲ್ಲದೆ ಜಗಳವಾಡಿದೆ. ಬೇರಿಂಗ್ ಅಲ್ಲ! ಮುಂದೆ! ಮುಂದೆ!

"ಗೇಜ್ ಸುಳ್ಳು ಹೇಳುತ್ತಾ? ನೀನು ಅಡುಗೆಮನೇಲಿ ನಿಂತ್ಕೊಂಡು ಕೇಳೋದು" ಎಂದರು ಇವರು, ಆ ಮೆಲುದನಿಯಲ್ಲೇ.

ಇಷ್ಟು ವರ್ಷ ಇವರ ಕಿವಿಯಾಗಿ ನಿಂತವಳಿಗೆ ಆ ಮಾತು! ನನಗೆ ಅಳುವೂ ಬಂತು, ಸಿಟ್ಟೂ ಬಂತು. ಮೂಲೆಯಲ್ಲಿದ್ದ ಸ್ಕ್ರೂಡ್ರೈವರನ್ನು ತಂದು ಇವರ ಕೈಗೆ ತುರುಕಿ, "ಹಾಗಾದ್ರೆ ನೀವೇ ಕೇಳ್ಕೊಳ್ಳಿ!" ಎಂದೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ತುಟಿ ನೋಡಿ ಇವರಿಗೆ ಅರ್ಥವಾಗಿತ್ತು. ಸ್ಕ್ರೂಡ್ರೈವರ್ ಹಿಡಿದು ಎದ್ದು ಹೋದರು.

ನಾನು ಹಿಂದೆಯೇ ಹೋಗಿ ತುಳಸಿಕಟ್ಟೆಯ ಹತ್ತಿರ ನಿಂತೆ. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಇವರು ಎಂಜಿನ್ ಚಾಲೂ ಮಾಡಿ, ಸ್ಕ್ರೂಡ್ರೈವರನ್ನು ಕಿವಿಗಿಟ್ಟು ನಿಜವಾಗಿಯೇ ಕೇಳಲು ನೋಡಿದರು. ಏನೂ ಕೇಳಿಸಲಿಲ್ಲವೆಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು. ಆಮೇಲೆ ಡೀಸೆಲ್ ಪೈಪಿನ ಒಂದು ನಟ್ಟನ್ನು ಸಡಿಲಿಸಲು ಹೋದರು. ಒಂದು ಸಿಲಿಂಡರಿಗೆ ಡೀಸೆಲ್ ತಪ್ಪಿಸಿ, ಎಂಜಿನ್ನಿನ ನಡುಕ ಬದಲಾಗುತ್ತದೆಯೇ ಎಂದು ಕೈಯಿಂದಲಾದರೂ ಮುಟ್ಟಿ ನೋಡುವ ಯೋಚನೆ ಇರಬೇಕು. ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಡೀಸೆಲ್ ಚಿಮ್ಮದಂತೆ ಹಿಡಿದ ಬಟ್ಟೆ. ಸ್ಕ್ರೂಡ್ರೈವರ್ ಹಿಡಿಯಲು ಕೈ ಉಳಿಯದೆ ಅದರ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿದರು. ಅದರ ತುದಿ ಎಂಜಿನ್ನಿಗೆ ತಾಗಿತು.

ಇವರು ಹಾಗೇ ನಿಂತುಬಿಟ್ಟರು. ಕೈ ಸುಟ್ಟುಕೊಂಡರೆಂದು ನಾನು ಓಡಿದೆ. ಹತ್ತಿರ ಹೋದರೆ ಕಣ್ಣು ಅಗಲವಾಗಿ ತೆರೆದುಕೊಂಡಿದ್ದಾರೆ, ಕಚ್ಚಿದ್ದನ್ನು ಬಿಟ್ಟಿಲ್ಲ. ಸ್ಪ್ಯಾನರು ಕೆಳಗೆ ಬಿತ್ತು. ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲಿನಿಂದ ಬಿಡದೆ, ಎಂಜಿನ್ನಿನ ಮೇಲೆ, ಪಕ್ಕದಲ್ಲಿ, ತಳದಲ್ಲಿ, ಮುಂದೆ ಮರಕುಟಿಗನ ಹಾಗೆ ಬಗ್ಗಿ ಬಗ್ಗಿ ಇಟ್ಟು ನೋಡಿದರು. ಆಸ್ಪತ್ರೆಯಲ್ಲಿ ಡಾಕ್ಟರು ಕಡ್ಡಿಯನ್ನು ಮೂಳೆಗೆ ಒತ್ತಿದಾಗ ಇವರು ಹೌದೆಂದದ್ದು ನನಗೆ ಆಗ ನೆನಪಾಯಿತು. ಕಿವಿಯ ದಾರಿ ಮುಚ್ಚಿತ್ತು, ಮೂಳೆಯ ದಾರಿ ತೆರೆದೇ ಇತ್ತು. ಹಿಡಿಯನ್ನು ಕಿವಿಯ ಮೆತ್ತನೆಯ ಹಾಲೆಗಲ್ಲ, ಹಲ್ಲಿಗೋ ಮೂಳೆಗೋ ತಾಗಿಸಬೇಕೆಂದು ಇಷ್ಟು ವರ್ಷ ನಮಗೆ ಹೊಳೆದಿರಲಿಲ್ಲ.

ಕೊನೆಗೆ ಮುಂಭಾಗದಲ್ಲಿ, ಗಾಳಿ ಕಂಪ್ರೆಸರಿನ ಮೇಲೆ ತುದಿಯಿಟ್ಟು ತುಂಬ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ ಮಸಿ ಮೆತ್ತಿದ ಬೆರಳಿನಿಂದ ತಮ್ಮ ಮೂಗು ಮುಟ್ಟಿಕೊಂಡರು. ಸಂಜ್ಞೆ ಮಾಡುವುದು ಯಾವಾಗಲೂ ನನ್ನ ಕೆಲಸವಾಗಿತ್ತು, ನೋಡುವುದು ಇವರದು. ಅಂದು ಇವರು ಮಾಡಿದರು, ನಾನು ನೋಡಿದೆ. ನನಗೆ ಅಳು ಬಂತು.

ಹಾಗಾದರೆ ಗೇಜು? ಇವರು ಪೈಪನ್ನು ಬಿಚ್ಚಿ ಬಾಯಿಟ್ಟು ಊದಿದರು. ಗಾಳಿ ಹೋಗಲಿಲ್ಲ. ತಂತಿ ಹಾಕಿ ಕೆದಕಿದರೆ ಎಣ್ಣೆಯಲ್ಲಿ ನೆನೆದು ಊದಿಕೊಂಡ, ಕರಿ ಹುಳುವಿನಂಥ ಒಂದು ತುಂಡು ಹೊರಬಂತು. ಸೇವಂತಿಗೆಯ ತೊಟ್ಟು. ಹೂವು ಉದುರಿದಾಗ ಮುರಿದು ಒಳಗೇ ಉಳಿದಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಇವರು ನಗಲು ಶುರುಮಾಡಿದರು. ಪೈಪನ್ನು ಮತ್ತೆ ತಿರುಪಿದಾಗ ಮುಳ್ಳು ನೆಟ್ಟಗೆ ಎದ್ದು ನಿಂತಿತು.

ಯಜಮಾನರು ಎಲೆ ಅಡಿಕೆ ಹಾಕಿಕೊಂಡು ಬಂದಾಗ ಇವರು ತೊಟ್ಟನ್ನು ತೋರಿಸಿ, "ನಮ್ಮ ಗೇಜಿಗೆ ಇನ್ನೂ ಹಬ್ಬ ಮುಗ್ದಿರ್ಲಿಲ್ಲ ಯಜಮಾನ್ರೇ. ನಿಮ್ಮ ಎಂಜಿನ್ ಕಲ್ಲಿದ್ದಂಗಿದೆ. ಕಂಪ್ರೆಸರ್ ಕೂತಿರೋ ಬ್ರಾಕೆಟ್ ಬೋಲ್ಟ್ ಸಡಿಲ, ಅಷ್ಟೇ" ಎಂದರು. ಯಜಮಾನರು ಹೊಟ್ಟೆ ಹಿಡಿದು ನಕ್ಕರು. ಫಿಟ್ಟರ್ ಬೋಲ್ಟ್ ಬಿಗಿದ, ಗಡಗಡ ನಿಂತಿತು. ಇವರು ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿ ಇನ್ನೊಮ್ಮೆ ಪರೀಕ್ಷೆ ಮಾಡಿದಾಗ ಅವನು, "ಇದೇನ್ ಹೊಸ ಸ್ಟೈಲ್ ಅಣ್ಣಾ?" ಎಂದ. ಆಮೇಲೆ ಆ ಸ್ಟೈಲಿಗೇ ಶೆಡ್ಡು ಹೆಸರಾಯಿತು. ಲಾರಿಯನ್ನು ಕಚ್ಚಿ ಕೇಳುತ್ತಾರೆ, ಸುಳ್ಳಾಗುವುದಿಲ್ಲ ಎಂದು ಡ್ರೈವರುಗಳು ದೂರದಿಂದ ಬಂದರು. ನನ್ನ ಮೊಣಕಾಲಿಗೆ ಬಿಡುವಾಯಿತು.

ಆದರೆ ನಾನು ಹೇಳಲು ಹೊರಟದ್ದು ಇದನ್ನಲ್ಲ. ಅಂದಿನ ಸಂಜೆಯದನ್ನು.

ಬೆಲ್ಲದ ಲಾರಿ ಹೋಯಿತು. ಇವರು ಸ್ನಾನ ಮಾಡಿ, ಸ್ಕ್ರೂಡ್ರೈವರಿಗೂ ಸೋಪು ಹಚ್ಚಿ ತೊಳೆದು, ಅಡುಗೆಮನೆಗೆ ಬಂದರು. ನಾನು ಅಕ್ಕಿ ಆರಿಸುತ್ತಿದ್ದೆ. ಎದುರಿಗೆ ಕುಳಿತು, ಮರದ ಹಿಡಿಯನ್ನು ಹಲ್ಲಿಗೆ ಕಚ್ಚಿ, ಕಬ್ಬಿಣದ ತುದಿಯನ್ನು ಮೆಲ್ಲಗೆ ನನ್ನ ಗದ್ದದ ಮೂಳೆಗೆ ತಾಗಿಸಿದರು. ಕೈಯಿಂದ ಮಾತಾಡು ಎಂದು ಸನ್ನೆ ಮಾಡಿದರು.

ಊರಿಗೆಲ್ಲ ಸಾಕಾಗುವಷ್ಟು ಮಾತಿದ್ದ ನನಗೆ ಒಂದು ಮಾತೂ ಸಿಗಲಿಲ್ಲ. ತಣ್ಣನೆಯ ಕಬ್ಬಿಣ ಗದ್ದಕ್ಕೆ ತಾಗಿದೆ, ಇವರ ಕಣ್ಣು ನನ್ನ ಮುಖದ ಮೇಲಿದೆ. ಕೊನೆಗೆ ಬಾಯಿಗೆ ಬಂದದ್ದು, "ಇಷ್ಟು ಸೋಪು ಹಾಕಿ ತೊಳೆದ್ರೂ ಡೀಸೆಲ್ ವಾಸ್ನೆ ಹೋಗಿಲ್ವಲ್ರೀ ಇದ್ರದ್ದು!"

ಇವರ ಕಣ್ಣಿಂದ ನೀರು ಇಳಿಯಿತು. ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದು, "ನಿನ್ ದನಿ ಹಂಗೇ ಇದೆ" ಎಂದರು. ಹಿಡಿಯನ್ನು ಪಂಚೆಯಲ್ಲಿ ಒರೆಸುತ್ತಾ, "ಟ್ಯಾಪೆಟ್ ಸ್ವಲ್ಪ ಜಾಸ್ತಿ. ಬಾಕಿ ಎಲ್ಲಾ ಚೆನ್ನಾಗಿದೆ" ಎಂದರು.

ಆಮೇಲೆ ಮತ್ತೆ ಕಚ್ಚಿ ಕುಳಿತರು, ಇನ್ನಷ್ಟು ಬೇಕೆಂದು. ನಾನು ಇವರ ಹೆಸರು ಹೇಳಿದೆ. ಮದುವೆಯಾದಂದಿನಿಂದ ಯಾರ ಎದುರಿಗೂ ಹೇಳದ ಹೆಸರನ್ನು, ಪಕ್ಕದಲ್ಲಿ ಕುಳಿತ ಮಗಳಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದೆ. ಇವರಿಗೆ ಕೇಳಿಸಿತು.

ಅಂದಿನಿಂದ ದಿನಾ ಸಂಜೆ ನಮಗೆ ಅದೇ ಕೆಲಸ. ಬಾಕಿ ಉಳಿದಿದ್ದ ಬೈಗುಳವನ್ನೆಲ್ಲ ಬಡ್ಡಿ ಸಮೇತ ಬೈದೆ. ಗವಿಪುರದ ಸುದ್ದಿ, ನೀರಿನ ನಲ್ಲಿಯ ಜಗಳ, ಮಗಳ ಶಾಲೆಯ ತಂಟೆ ಎಲ್ಲವೂ ಆ ಕಂಬಿಯ ಮೇಲೆ ಹೋದವು. ಮರದ ಹಿಡಿಯಲ್ಲಿ ಇವರ ಹಲ್ಲಿನ ಗುರುತುಗಳು ಆಳವಾಗಿ ಕುಳಿತವು. ಅಷ್ಟು ಸುಖವಾಗಿ ನಾನು ಯಾವತ್ತೂ ಇರಲಿಲ್ಲ, ಆಮೇಲೂ ಇಲ್ಲ.

ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಇವರು ಹಾಸಿಗೆ ಹಿಡಿದರು. ಶೆಡ್ಡನ್ನು ಫಿಟ್ಟರ್ ನಡೆಸುತ್ತಿದ್ದ. ನಿಲ್ಲಿಸಬೇಡಿ, ಮಂಚ ನಡುಗಿದರೆ ನನಗೆ ಗೊತ್ತಾಗುತ್ತದೆ, ಅದೇ ಸಮಾಧಾನ ಎಂದು ಇವರೇ ಹೇಳಿದ್ದರು. ಕೊನೆಕೊನೆಗೆ ಕಚ್ಚಲು ಶಕ್ತಿಯಿರಲಿಲ್ಲ. ಮರದ ಹಿಡಿಯನ್ನು ನಾನೇ ಇವರ ಹಣೆಗೆ ಒತ್ತಿ, ತುದಿಯನ್ನು ನನ್ನ ಗದ್ದಕ್ಕಿಟ್ಟು ಮಾತಾಡುತ್ತಿದ್ದೆ. ಕಣ್ಣು ಮುಚ್ಚಿ ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಹಾಗೆ ಮಾತಾಡುತ್ತಿರುವಾಗ ಇವರು ಕಣ್ಣು ತೆರೆದು ಏನೋ ಹೇಳಿದರು. ಅದೇ ಹೊತ್ತಿಗೆ ಹೊರಗೆ ಫಿಟ್ಟರ್ ಒಂದು ಲಾರಿಯನ್ನು ಚಾಲೂ ಮಾಡಿ ಜೋರಾಗಿ ರೇಸ್ ಮಾಡಿದ. ಇವರ ತುಟಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ನಾನು ಬಗ್ಗಿ, ಏನು ಎಂದು ಕೇಳಿದೆ. ಇವರು ಇನ್ನೊಂದು ಸಲ ಹೇಳಿದರು, ಮೊದಲಿಗಿಂತ ಮೆಲ್ಲಗೆ. ನನ್ನ ಕಿವಿ ತುಂಬ ಬರೀ ಎಂಜಿನ್ನು. ಆಮೇಲೆ ಇವರು ಮಾತಾಡಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟರು.

ಆ ಲಾರಿಯ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಟ್ಯಾಪೆಟ್ ಸಡಿಲವಿತ್ತು, ಬೇರಿಂಗ್ ಚೆನ್ನಾಗಿತ್ತು. ಇವರು ಹೇಳಿದ್ದೇನೆಂದು ಮಾತ್ರ ಗೊತ್ತಿಲ್ಲ. ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಇತ್ತು. ಅದನ್ನು ತಿರುಗಿಸಿ, ಹಿಡಿಯನ್ನು ನಾನು ಕಚ್ಚಿ, ತುದಿಯನ್ನು ಇವರ ಗದ್ದಕ್ಕೆ ಇಡಬಹುದೆಂದು ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ.